ಹತ್ತು ಆನೆ ತೂಕದ ಟ್ಯಾಂಕ್, ಹೆಬ್ಬೆರಳಿನ ಉಗುರಿನಷ್ಟು ನೋಟ

ಸಿರಿಗೇರಿಯ ಎರೆಹೊಲದಲ್ಲಿ ನಿಂತು ಸುತ್ತ ಕಣ್ಣು ಹಾಯಿಸಿ. ಕಟಾವು ಮುಗಿದ ಬಯಲು, ಕಣ್ಣಿಗೆ ಅಡ್ಡ ಬರುವುದು ಬಹಳ ಕಡಿಮೆ. ಆದರೂ ಐದೂವರೆ ಅಡಿ ಎತ್ತರದ ಮನುಷ್ಯನಿಗೆ ನೆಲ ಕಾಣುವುದು ಸುಮಾರು ನಾಲ್ಕೂವರೆ ಕಿಲೋಮೀಟರ್‌ವರೆಗೆ ಮಾತ್ರ. ಅದರಾಚೆ ಭೂಮಿಯೇ ಬಾಗಿ ಮರೆಯಾಗುತ್ತದೆ. ಅದೇ ಮನುಷ್ಯ ಬಳ್ಳಾರಿ ಗುಡ್ಡದ ಕೋಟೆ ಹತ್ತಿದರೆ, ಬಯಲಿಗಿಂತ ಸುಮಾರು 450 ಅಡಿ ಮೇಲೆ, ದಿಗಂತ ಒಮ್ಮೆಗೇ 40 ಕಿ.ಮೀ. ಆಚೆಗೆ ಸರಿಯುತ್ತದೆ. ನೋಟಕ್ಕೆ ಸಿಗುವ ನೆಲದ ವಿಸ್ತಾರ 85 ಪಟ್ಟಿಗೂ ಹೆಚ್ಚು! ಕೋಟೆ ಕಟ್ಟಿದವರು ಗುಡ್ಡವನ್ನೇ ಹುಡುಕಿಕೊಂಡು ಹೋಗುತ್ತಿದ್ದುದು ಸುಮ್ಮನೆ ಅಲ್ಲ. ಯುದ್ಧದಲ್ಲಿ ಮೊದಲು ಕಂಡವನು ಅರ್ಧ ಗೆದ್ದವನು.

ಈಗ ಆ ಹೊಲದಲ್ಲಿ ಒಂದು ಟಿ-90 ಭೀಷ್ಮ ಟ್ಯಾಂಕ್ ನಿಂತಿದೆ ಎಂದುಕೊಳ್ಳಿ. ತೂಕ 46.5 ಟನ್. ನಾಲ್ಕೂವರೆ ಟನ್ನಿನ ಬಲಿತ ಗಂಡಾನೆಗಳನ್ನು ಇನ್ನೊಂದು ತಟ್ಟೆಗೆ ಹಾಕುತ್ತಾ ಹೋದರೆ ತಕ್ಕಡಿ ಸಮವಾಗಲು ಹತ್ತು ಬೇಕು. ಎಂಜಿನ್ 1,000 ಅಶ್ವಶಕ್ತಿಯದು. ಕೇಜ್‌ವೀಲ್ ಹಾಕಿಕೊಂಡು ಸಿರುಗುಪ್ಪದ ಗದ್ದೆಗಳಲ್ಲಿ ಕೆಸರು ತುಳಿಯುವ 50 ಅಶ್ವಶಕ್ತಿಯ ಟ್ರ್ಯಾಕ್ಟರುಗಳನ್ನು ಒಟ್ಟು 20 ಸೇರಿಸಿದರೆ ಅದೊಂದು ಎಂಜಿನ್. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ಈ ಟ್ಯಾಂಕಿನಲ್ಲಿರುವಷ್ಟು ಚಲನಶಕ್ತಿ ಒಂದು ಟನ್ನಿನ ಕಾರಿಗೆ ಬರಬೇಕಾದರೆ ಅದು ಗಂಟೆಗೆ 270 ಕಿ.ಮೀ. ಓಡಬೇಕು! ಇಷ್ಟನ್ನೆಲ್ಲ ನಡೆಸುವವರು ಮೂರೇ ಮೂರು ಜನ: ಡ್ರೈವರ್, ಗನ್ನರ್, ಕಮಾಂಡರ್.

ಡ್ರೈವರ್ ಕೂರುವ ಜಾಗವನ್ನು ಹತ್ತಿರದಿಂದ ನೋಡಬೇಕು. ಟ್ಯಾಂಕಿನ ಮೂತಿಯ ನಡುಮಧ್ಯೆ, ಫಿರಂಗಿಯ ನಳಿಕೆಯ ಕೆಳಗೆ, ಕಾಲು ಚಾಚಿ ಹಿಂದಕ್ಕೆ ಒರಗಿ ಕೂರುವಷ್ಟು ತೊಟ್ಟಿ. ಸ್ಟೇರಿಂಗ್ ಚಕ್ರ ಇಲ್ಲ; ಎರಡು ಕೈಗೆ ಎರಡು ಲಿವರ್. ತಲೆಯ ಮೇಲಿನ ಉಕ್ಕಿನ ಮುಚ್ಚಳ ಮುಚ್ಚಿಕೊಂಡ ಕೂಡಲೇ ಅವನ ಪಾಲಿಗೆ ಹೊರಗಿನ ಲೋಕವೆಂದರೆ ಹಣೆಯೆದುರಿನ ಒಂದೇ ಒಂದು ಪೆರಿಸ್ಕೋಪಿನ ಗಾಜು. ಹಿಂದೆ ಏನಿದೆ, ಕಾಣದು. ಟ್ಯಾಂಕಿನ ಮೂತಿಗೆ ಅಂಟಿಕೊಂಡಂತಿರುವ ಮೊದಲ ಕೆಲವು ಮೀಟರ್ ನೆಲವೂ ಕಾಣದು. ಹತ್ತು ಆನೆಯ ತೂಕ, ಒಂದು ಗಾಜಿನ ಪಟ್ಟಿ!

ಆ ಗಾಜಿನ ಹಿಂದಿರುವ ಕಣ್ಣಾದರೂ ಎಂಥದ್ದು? ಒಂದೊಂದು ಕಣ್ಣಿನ ಅಕ್ಷಿಪಟಲದಲ್ಲಿ ಮಬ್ಬು ಬೆಳಕು ಹಿಡಿಯುವ ಕೋಶಗಳೇ 9ರಿಂದ 12 ಕೋಟಿ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಅಂದರೆ ಒಬ್ಬ ಸೈನಿಕನ ಒಂದು ಕಣ್ಣಿನಲ್ಲಿ ಒಂದೂವರೆ, ಎರಡು ಕರ್ನಾಟಕ ಕೂತು ಕಾಯುತ್ತಿವೆ. ಆ ಕೋಟಿ ಕೋಟಿ ವರದಿಗಳೂ ಮಿದುಳಿಗೆ ತಲುಪಬೇಕಾದದ್ದು ಕೇವಲ ಹತ್ತು ಲಕ್ಷದಷ್ಟು ಎಳೆಗಳ ಒಂದು ನರದ ಮೂಲಕ. ಸರಾಸರಿ ನೂರು ಕೋಶಕ್ಕೆ ಒಂದು ತಂತಿ!

ಇನ್ನೂ ಬೆರಗಿನ ಸಂಗತಿ ಬೇರೆಯೇ ಇದೆ. ಅಕ್ಷರ ಓದುವಷ್ಟು, ಮುಖ ಗುರುತಿಸುವಷ್ಟು ಚೂಪಾಗಿ ನಮಗೆ ಕಾಣುವುದು ಸುಮಾರು ಎರಡು ಡಿಗ್ರಿಯ ವೃತ್ತದಲ್ಲಿ ಮಾತ್ರ. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರು ಮುಚ್ಚುವಷ್ಟೇ ಜಾಗ ಅದು. ಉಳಿದದ್ದೆಲ್ಲ ಅಂದಾಜು ಚಿತ್ರ. ನಮ್ಮ ಸುತ್ತಲಿನ ಪೂರ್ತಿ ಗೋಳದಲ್ಲಿ, ಮೇಲೆ, ಕೆಳಗೆ, ಹಿಂದೆ, ಮುಂದೆ ಎಲ್ಲ ಸೇರಿ, ಇಂಥ ಉಗುರಗಲದ ತುಂಡುಗಳು 13,000ಕ್ಕೂ ಹೆಚ್ಚು. ಕಣ್ಣು ಸೆಕೆಂಡಿಗೆ ಮೂರು ಸಲ ಜಾಗ ಬದಲಿಸುತ್ತದೆ. ಒಂದು ತುಂಡನ್ನೂ ಬಿಡದೆ ಎಲ್ಲವನ್ನೂ ಒಮ್ಮೆ ಚೂಪಾಗಿ ನೋಡಿ ಮುಗಿಸಲು ಎಷ್ಟು ಹೊತ್ತು ಬೇಕು? ಒಂದು ಗಂಟೆ 13 ನಿಮಿಷ! ಅಷ್ಟರಲ್ಲಿ ಗಂಟೆಗೆ 40 ಕಿ.ಮೀ. ವೇಗದ ಟ್ಯಾಂಕ್ 48 ಕಿ.ಮೀ. ದಾಟಿರುತ್ತದೆ. ಬಳ್ಳಾರಿ ಬಿಟ್ಟವನು ಸಿರಿಗೇರಿ ಕ್ರಾಸ್ ದಾಟಿ, ತೆಕ್ಕಲಕೋಟೆಯೂ ಹಿಂದಾಗಿ, ಸಿರುಗುಪ್ಪದ ಬಾಗಿಲಿಗೆ ಬಂದಿರುತ್ತಾನೆ. ಸುತ್ತಲನ್ನು ಒಂದು ಬಾರಿ ನೋಡಿ ಮುಗಿಸುವಷ್ಟರಲ್ಲಿ!

ಕಣ್ಣು ಮಿಟುಕುವ ಲೆಕ್ಕವನ್ನೂ ಹಾಕೋಣ. ನಿಮಿಷಕ್ಕೆ 15ರಿಂದ 20 ಸಲ, ಗಂಟೆಗೆ ಸುಮಾರು 1,000 ಸಲ. ಒಂದು ಮಿಟುಕಿಗೆ ಸೆಕೆಂಡಿನ ಐದನೆಯ ಒಂದು ಪಾಲು ಹಿಡಿದರೂ ಗಂಟೆಗೆ 200 ಸೆಕೆಂಡ್ ಕಣ್ಣು ಮುಚ್ಚಿರುತ್ತದೆ. ಆ ಹೊತ್ತಿನಲ್ಲಿ ನಮ್ಮ ಟ್ಯಾಂಕ್ ಓಡುವ ದೂರ 2.2 ಕಿ.ಮೀ. ತದೇಕಚಿತ್ತದಿಂದ ನೋಡುವಾಗ ಮಿಟುಕು ಕಡಿಮೆಯಾಗುತ್ತದೆ, ನಿಜ; ಅರ್ಧಕ್ಕೆ ಇಳಿಸಿದರೂ ಒಂದು ಕಿಲೋಮೀಟರ್ ಕಣ್ಣು ಮುಚ್ಚಿಯೇ ಸಾಗಿದಂತಾಯಿತು. ಮಿಟುಕಷ್ಟೇ ಅಲ್ಲ. ಕಣ್ಣು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ನೆಗೆಯುವ ಪ್ರತಿ ಕ್ಷಣದಲ್ಲೂ ಮಿದುಳು ಚಿತ್ರವನ್ನು ಮಸುಕು ಮಾಡುತ್ತದೆ. ಗಂಟೆಗೆ 10,800 ನೆಗೆತ, ಒಂದೊಂದಕ್ಕೆ ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು: ಒಟ್ಟು ಏಳು ನಿಮಿಷ ದಾಟುತ್ತದೆ. ಇನ್ನೂ 4.8 ಕಿ.ಮೀ. ಎರಡನ್ನೂ ಕೂಡಿಸಿ. ನಲವತ್ತು ಕಿಲೋಮೀಟರಿನ ದಾರಿಯಲ್ಲಿ ಏಳು ಕಿಲೋಮೀಟರ್ ನೋಟವಿಲ್ಲದ ದಾರಿ, ಅದೂ ಡ್ರೈವರಿಗೆ ಗೊತ್ತೇ ಆಗದಂತೆ!

ಇದು ಹಗಲಿನ ಮಾತು. ಸೂರ್ಯ ಹುಣ್ಣಿಮೆ ಚಂದ್ರನಿಗಿಂತ 4 ಲಕ್ಷ ಪಟ್ಟು ಪ್ರಖರ. ಎರಡರ ಬೆಳಕಿನಲ್ಲೂ ದಾರಿ ಕಾಣುವಂತೆ ತನ್ನನ್ನು ಹೊಂದಿಸಿಕೊಳ್ಳುವ ಕಣ್ಣನ್ನು ಯಾವ ಕ್ಯಾಮೆರಾದೊಂದಿಗೆ ಹೋಲಿಸುವುದು? ಆದರೆ ಕತ್ತಲೆಗೆ ಪೂರ್ತಿ ಒಗ್ಗಲು ಅದಕ್ಕೆ ಅರ್ಧ ಗಂಟೆ ಬೇಕು. ಗಂಟೆಗೆ 20 ಕಿ.ಮೀ. ಎಂದರೂ ಹತ್ತು ಕಿಲೋಮೀಟರ್ ದಾರಿ ಕಣ್ಣು ಇನ್ನೂ ಸಿದ್ಧವಾಗುತ್ತಿರುವಾಗಲೇ ಕಳೆದುಹೋಗುತ್ತದೆ. ಹಾಗೆ ಗಳಿಸಿಕೊಂಡ ನೋಟವನ್ನು ಹಾಳು ಮಾಡಲು ಒಂದು ಪ್ರಖರ ಬೆಳಕಿನ ಒಂದೆರಡು ಸೆಕೆಂಡ್ ಸಾಕು.

ಇನ್ನು ಕಿವಿ. ವೇಗವಾಗಿ ಓಡುವ ಟ್ಯಾಂಕಿನ ಒಳಗೆ ಶಬ್ದ 115 ಡೆಸಿಬೆಲ್ ಮುಟ್ಟುವುದುಂಟು. ಇಬ್ಬರು ಎದುರುಬದುರು ಕೂತು ಮಾತಾಡುವುದು ಸುಮಾರು 60 ಡೆಸಿಬೆಲ್. ವ್ಯತ್ಯಾಸ ಎರಡು ಪಟ್ಟಿಗೆ ಹತ್ತಿರ ಎಂದುಕೊಂಡರೆ ಮೋಸ ಹೋದಿರಿ. ಶಬ್ದದ ಶಕ್ತಿಯಲ್ಲಿ ಅದು 3 ಲಕ್ಷ ಪಟ್ಟು! ಕಿವಿಗೆ ಕೆಡುಕಾಗದಂತೆ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಮಾಡಬಹುದು ಎನ್ನುತ್ತಾರೆ ಶ್ರವಣ ತಜ್ಞರು. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತದೆ. ಅದೇ ಲೆಕ್ಕದಲ್ಲಿ 115 ಡೆಸಿಬೆಲ್‌ಗೆ ಬರಿಗಿವಿ ಒಡ್ಡಬಹುದಾದ ಹೊತ್ತು ಇಡೀ ದಿನಕ್ಕೆ 28 ಸೆಕೆಂಡ್. ಎಂಟು ಗಂಟೆ ಎಲ್ಲಿ, 28 ಸೆಕೆಂಡ್ ಎಲ್ಲಿ! ಅದಕ್ಕೇ ಕಿವಿಗೆ ಹೆಡ್‌ಸೆಟ್ ಬಿಗಿಯುತ್ತಾರೆ. ಬಿಗಿದ ಮೇಲೆ ಕಿವಿ ಉಳಿಯುತ್ತದೆ, ಹೊರಗಿನ ಲೋಕದ ಸದ್ದು ಉಳಿಯುವುದಿಲ್ಲ. ಪಕ್ಕದಲ್ಲಿ ಯಾರೋ ಕೂಗಿದ್ದು, ಹಿಂದೆ ಇನ್ನೊಂದು ಗಾಡಿ ಬಂದದ್ದು, ಯಾವುದನ್ನೂ ಕಿವಿ ಹೇಳದು. ಕಾಡಿನ ಜಿಂಕೆಗೆ ಇರುವಷ್ಟು ಸುಳಿವೂ ಈ ಉಕ್ಕಿನ ಆನೆಯ ಹೊಟ್ಟೆಯಲ್ಲಿರುವವನಿಗೆ ಇಲ್ಲ.

ಸೆಕೆಯ ವಿಚಾರವನ್ನು ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ರಾಜಸ್ಥಾನದ ಮರಳಿನಲ್ಲಿ ಹೊರಗೆ 45 ಡಿಗ್ರಿ ದಾಟಿದ ದಿನ ಮುಚ್ಚಿದ ಉಕ್ಕಿನೊಳಗೆ 50 ದಾಟುತ್ತದೆ. ಅಂಥ ಕಡೆ ಗಂಟೆಗೆ ಒಂದು ಲೀಟರ್ ಬೆವರು ಹರಿಯುವುದು ಸಾಮಾನ್ಯ. ದೇಹದ ತೂಕದ ಶೇ. 2ರಷ್ಟು ನೀರು ಹೋದರೆ ಗಮನ ಸಡಿಲವಾಗತೊಡಗುತ್ತದೆ. ಎಪ್ಪತ್ತು ಕಿಲೋ ತೂಗುವ ಹುಡುಗನಿಗೆ ಅದು 1.4 ಲೀಟರ್. ಅಂದರೆ ನೀರು ಕುಡಿಯದೆ ಒಂದೂವರೆ ಗಂಟೆಯೂ ಆಗಿರುವುದಿಲ್ಲ, ಸಾವಿರ ಅಶ್ವಶಕ್ತಿಯ ಯಂತ್ರದ ಅತಿ ಮುಖ್ಯ ಭಾಗ ಮಂಕಾಗಿರುತ್ತದೆ.

ಕಂಡದ್ದೆಲ್ಲ ಮನಸ್ಸಿಗೆ ತಲುಪುತ್ತದೆಯೇ? 1999ರಲ್ಲಿ ಅಮೆರಿಕದಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ ಒಂದು ವಿಡಿಯೊ ತೋರಿಸಿ, ಆಟಗಾರರು ಚೆಂಡು ಎಷ್ಟು ಸಲ ಕೈ ಬದಲಿಸಿದರು ಎಂದು ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು ಎದೆ ಬಡಿದುಕೊಂಡು ಹೋದರು. ನೋಡಿದವರಲ್ಲಿ ಅರ್ಧದಷ್ಟು ಜನಕ್ಕೆ ಗೊರಿಲ್ಲಾ ಕಾಣಲೇ ಇಲ್ಲ! ಇವರು ತಂಪು ಕೋಣೆಯಲ್ಲಿ ಆರಾಮವಾಗಿ ಕೂತವರು. ಮೇಲೆ ಗುಂಡು ಹಾರುತ್ತಿರಲಿಲ್ಲ.

ಸುತ್ತಲಿನ ಅರಿವು ಎಂಬುದಕ್ಕೆ ಮೂರು ಮೆಟ್ಟಿಲು ಎಂದು 1995ರಲ್ಲಿ ಬರೆದವರು ಅಮೆರಿಕದ ಎಂಜಿನಿಯರ್ ಮಿಕಾ ಎಂಡ್ಸ್ಲಿ. ಮುಂದೆ ಆ ದೇಶದ ವಾಯುಪಡೆಯ ಮುಖ್ಯ ವಿಜ್ಞಾನಿಯೂ ಆದವರು. ಕಾಣುವುದು ಒಂದು, ಕಂಡದ್ದರ ಅರ್ಥ ಹಿಡಿಯುವುದು ಎರಡು, ಮುಂದೇನಾಗುತ್ತದೆಂದು ಊಹಿಸುವುದು ಮೂರು. ಈ ಮೂರಕ್ಕೂ ಸಿಗುವ ಸಮಯ ಎಷ್ಟು ಗೊತ್ತೆ? ಟ್ಯಾಂಕ್ ಭೇದಿಸುವ ಬಾಣದಂಥ ಗುಂಡು ಸೆಕೆಂಡಿಗೆ ಸುಮಾರು 1,700 ಮೀಟರ್ ಹಾರುತ್ತದೆ, ಶಬ್ದದ ವೇಗದ ಐದು ಪಟ್ಟು. ವೇಗ ಕುಂದದಿದ್ದರೆ ಬಳ್ಳಾರಿಯಿಂದ ಬೆಂಗಳೂರಿಗೆ ಮೂರು ನಿಮಿಷ, ಭೂಮಿಗೆ ಒಂದು ಸುತ್ತು ಬರಲು ಆರೂವರೆ ಗಂಟೆ. ಎರಡು ಕಿಲೋಮೀಟರ್ ಆಚೆಯಿಂದ ಹೊರಟದ್ದು 1.2 ಸೆಕೆಂಡಿನಲ್ಲಿ ಬಂದು ತಾಗುತ್ತದೆ. ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದಾಗ ನಾವು ಬ್ರೇಕ್ ತುಳಿಯಲು ತೆಗೆದುಕೊಳ್ಳುವ ಸಮಯವೂ ಹೆಚ್ಚುಕಡಿಮೆ ಅಷ್ಟೇ!

ನೋಟ ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಮ್ಮ ನೆಲದಲ್ಲೇ ದೊಡ್ಡ ಸಾಕ್ಷಿ ಇದೆ. 1965ರ ಸೆಪ್ಟೆಂಬರ್ 8ರಿಂದ 10, ಪಂಜಾಬಿನ ಖೇಮಕರಣದ ಬಳಿಯ ಅಸಲ್ ಉತ್ತರ್. ಸುಮಾರು 45 ಟನ್ ತೂಗುವ ಪ್ಯಾಟನ್ ಟ್ಯಾಂಕುಗಳು ಗಡಿ ದಾಟಿ ಬಂದವು. ಎದುರಿಗೆ ಆಳೆತ್ತರ ಮೀರಿದ ಕಬ್ಬು, ನಮ್ಮವರು ನೀರು ಬಿಟ್ಟು ಕೆಸರು ಮಾಡಿದ ಹೊಲ. ಕಾಲುವೆ ನೀರು ಕುಡಿದ ಹೊಲಕ್ಕೆ ಭಾರದ ಗಾಡಿ ಇಳಿದರೆ ಏನಾಗುತ್ತದೆಂದು ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಕಬ್ಬಿನ ಮರೆಯಲ್ಲಿ ಹವಾಲ್ದಾರ್ ಅಬ್ದುಲ್ ಹಮೀದ್ ಅವರ ಜೀಪ್ ನಿಂತಿತ್ತು, ಮೇಲೆ 106 ಮಿ.ಮೀ. ಗನ್. ಜೀಪು, ಗನ್ನು ಎಲ್ಲ ಸೇರಿ ಒಂದೂವರೆ ಟನ್ನೂ ಇಲ್ಲ. ಪ್ಯಾಟನ್‌ನ ತೂಕ ಅದರ 30 ಪಟ್ಟು. ಆ ಪುಟ್ಟ ಜೀಪು ಒಂದರ ಹಿಂದೊಂದು ಪ್ಯಾಟನ್ ಉರುಳಿಸಿತು, ಏಕೆಂದರೆ ಪ್ಯಾಟನ್‌ನ ಒಳಗಿದ್ದವರಿಗೆ ಅದು ಕಾಣಲಿಲ್ಲ. ಹಮೀದ್ ಅಲ್ಲೇ ಪ್ರಾಣ ಬಿಟ್ಟರು. ಪರಮವೀರ ಚಕ್ರ ಅವರ ಹೆಸರಿಗೆ ಬಂತು. ಕದನ ಮುಗಿದಾಗ ಭಾರತದ ಲೆಕ್ಕದಲ್ಲಿ ಶತ್ರು ಕಳೆದುಕೊಂಡ ಟ್ಯಾಂಕುಗಳು 97. ಸಾವಿರಾರು ಟನ್ ಉಕ್ಕು!

ಇಪ್ಪತ್ತಾರು ವರ್ಷ ಮುಂದೆ ಬನ್ನಿ. 1991ರ ಫೆಬ್ರುವರಿ 26, ಇರಾಕಿನ ಮರುಭೂಮಿ, ಮರಳು ಗಾಳಿ. ಅಮೆರಿಕದ ಒಂದು ತುಕಡಿಯ ಒಂಬತ್ತು ಟ್ಯಾಂಕುಗಳು ಮತ್ತು ಅವುಗಳ ಜೊತೆಗಿದ್ದ ಗಾಡಿಗಳು 23 ನಿಮಿಷದಲ್ಲಿ 28 ಟ್ಯಾಂಕುಗಳನ್ನು ಸುಟ್ಟವು. ಸರಾಸರಿ 49 ಸೆಕೆಂಡಿಗೆ ಒಂದು! ಅವರ ಬಳಿ ಶಾಖವನ್ನೇ ನೋಡುವ ಥರ್ಮಲ್ ಸಾಧನವಿತ್ತು. ಮರಳಿನ ಪರದೆಯ ಹಿಂದಿನಿಂದಲೂ ಅವರಿಗೆ ಕಾಣುತ್ತಿತ್ತು, ಎದುರಾಳಿಗೆ ಕಾಣುತ್ತಿರಲಿಲ್ಲ. ಆದರೆ ಕೇಳಿ, ಅದೇ ಯುದ್ಧದಲ್ಲಿ ಅಮೆರಿಕದ 35 ಸೈನಿಕರು ಸತ್ತದ್ದು ತಮ್ಮವರದೇ ಗುಂಡಿಗೆ. ಕಾಳಗದಲ್ಲಿ ಮಡಿದ ಅವರ ನಾಲ್ವರಲ್ಲಿ ಒಬ್ಬರಷ್ಟು. ದೂರದಲ್ಲಿ ಏನೋ ಇದೆ ಎಂದು ಕಂಡಿತು. ಯಾರದು ಎಂದು ತಿಳಿಯಲಿಲ್ಲ. ಒಂದನೇ ಮೆಟ್ಟಿಲಿಗೂ ಎರಡನೇ ಮೆಟ್ಟಿಲಿಗೂ ನಡುವೆ ಬಿದ್ದ ಹೆಣಗಳು ಅವು. ಈ ಇಡೀ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಕಲಕಿದ ಸಂಖ್ಯೆ ಇದೇ.

ಈಗ ನಮ್ಮ ಬೆಂಗಳೂರಿಗೆ ಬರೋಣ. ಟಿ-90 ಟ್ಯಾಂಕಿನ ಕಮಾಂಡರನ ರಾತ್ರಿ ದುರ್ಬೀನು ಹಳೆಯ ಕಾಲದ ಟ್ಯೂಬಿನದಾಗಿತ್ತು. ಅದರ ಜಾಗಕ್ಕೆ ಥರ್ಮಲ್ ದುರ್ಬೀನು ಕೂರಿಸಲು 2022ರ ಫೆಬ್ರುವರಿಯಲ್ಲಿ ರಕ್ಷಣಾ ಸಚಿವಾಲಯ ಒಪ್ಪಂದ ಮಾಡಿಕೊಂಡದ್ದು ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ; ಅದೇ, 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಮ್ಮ ಬಿ.ಇ.ಎಲ್. ಟ್ಯಾಂಕುಗಳು 957. ಮೊತ್ತ 1,075 ಕೋಟಿ ರೂಪಾಯಿ, ಅಂದರೆ ಒಂದೊಂದು ಟ್ಯಾಂಕಿನ ಕಣ್ಣಿಗೆ ಒಂದು ಕೋಟಿ 12 ಲಕ್ಷ. ಡಿ.ಆರ್.ಡಿ.ಒ. ಮತ್ತು ಬಿ.ಇ.ಎಲ್. ಸೇರಿ ರೂಪಿಸಿದ ಈ ಸಾಧನ ಹಗಲೂ ರಾತ್ರಿ 8 ಕಿ.ಮೀ. ದೂರದ ಗುರಿಯನ್ನು ಪತ್ತೆ ಹಚ್ಚುತ್ತದೆ. ಐದು ಕಿ.ಮೀ.ವರೆಗಿನ ದೂರವನ್ನು ಲೇಸರಿನಿಂದ ಅಳೆಯುತ್ತದೆ. ಲೇಸರ್ ಐದು ಕಿಲೋಮೀಟರ್ ಹೋಗಿ ತಿರುಗಿ ಬರುವ ಅಂಥ 6,000 ಓಡಾಟ ಮುಗಿದರೆ ನಿಮ್ಮದು ಒಂದು ಮಿಟುಕು!

ಇಂಥ ಥರ್ಮಲ್ ಕ್ಯಾಮೆರಾಗಳು ಒಂದು ಡಿಗ್ರಿಯ ನೂರರಲ್ಲಿ ಕೆಲವೇ ಪಾಲಿನಷ್ಟು ಶಾಖದ ವ್ಯತ್ಯಾಸವನ್ನೂ ಹಿಡಿಯುತ್ತವೆ. ಅದಕ್ಕಾಗಿ ಒಳಗಿನ ಸೆನ್ಸರನ್ನು ಸಾಮಾನ್ಯವಾಗಿ ಸೊನ್ನೆಗಿಂತ 190 ಡಿಗ್ರಿ ಕೆಳಗೆ ತಣಿಸಿಡುತ್ತಾರೆ. ಹೊರಗೆ ಮರಳು 45 ಡಿಗ್ರಿಯಲ್ಲಿ ಕುದಿಯುತ್ತಿರುತ್ತದೆ. ಒಂದು ಪೆಟ್ಟಿಗೆಯ ಗೋಡೆಯ ಆಚೆಗೂ ಈಚೆಗೂ 235 ಡಿಗ್ರಿ ಅಂತರ! ಬೆಳಗಿನ ಜಾವ ಒಮ್ಮೆ, ಸಂಜೆ ಒಮ್ಮೆ, ನೆಲದ ಬಿಸಿಯೂ ಗುರಿಯ ಬಿಸಿಯೂ ಒಂದೇ ಆಗುವ ಹೊತ್ತಿನಲ್ಲಿ ಈ ಜಾಣ ಕಣ್ಣಿಗೂ ಮಂಪರು ಕವಿಯುತ್ತದೆ.

ಎಂಟು ಕಿಲೋಮೀಟರ್ ಎಂದರೆ ಸಣ್ಣ ಸಂಖ್ಯೆಯಂತೆ ಕೇಳಿಸುತ್ತದೆ. ಅದನ್ನು ಸುತ್ತಲೂ ತಿರುಗಿಸಿ. 201 ಚದರ ಕಿಲೋಮೀಟರ್, ಸುಮಾರು 50,000 ಎಕರೆ. ಒಂದು ಕಿಲೋಮೀಟರ್ ಕಾಣುವವನಿಗಿಂತ 64 ಪಟ್ಟು ನೆಲ. ಈಗ 957 ಟ್ಯಾಂಕುಗಳನ್ನೂ ಕರೆಯಿರಿ. ಒಟ್ಟು ತೂಕ 44,500 ಟನ್. 2023ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿದ್ದ ಆನೆಗಳು 6,395, ಅಷ್ಟೂ ಬಲಿತ ಗಂಡಾನೆಗಳಾಗಿದ್ದರೂ ಈ ತೂಕಕ್ಕೆ ಸಾಲವು. ಒಂದರ ಹಿಂದೊಂದು ತಾಗಿಸಿ ನಿಲ್ಲಿಸಿದರೆ ಸಾಲು 9 ಕಿ.ಮೀ. ಮೀರುತ್ತದೆ. ಅಶ್ವಶಕ್ತಿ 9 ಲಕ್ಷ 57 ಸಾವಿರ. ಮತ್ತೆ ನೋಟ? ಒಬ್ಬರ ನೋಟದ ಮೇಲೆ ಇನ್ನೊಬ್ಬರದು ಬೀಳದಂತೆ ಕೂಡಿಸಿದರೆ 1,92,000 ಚದರ ಕಿಲೋಮೀಟರ್ ಚಿಲ್ಲರೆ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಬೀದರಿನಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಇಡೀ ರಾಜ್ಯದಷ್ಟು ನೆಲ, ಕತ್ತಲಲ್ಲೂ ಕಾಣುವಂತೆ!

ಇಷ್ಟು ನೆಲವನ್ನು ನೋಡುತ್ತಾ ಕೂರುವವನು ಮಾತ್ರ ಅದೇ ಮನುಷ್ಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರೇಡಾರ್ ಸೈನಿಕರು ಪರದೆಯ ಮೇಲಿನ ಗುರುತುಗಳನ್ನು ಏಕೆ ತಪ್ಪಿಸಿಕೊಳ್ಳುತ್ತಾರೆಂದು ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷಿಸಿದರು. ವರದಿ 1948ರಲ್ಲಿ ಬಂತು. ಗಡಿಯಾರದಂಥ ಫಲಕದ ಮೇಲೆ ಮುಳ್ಳು ಸೆಕೆಂಡಿಗೊಮ್ಮೆ ಜಿಗಿಯುತ್ತದೆ. ಎರಡು ಗಂಟೆಯಲ್ಲಿ 7,200 ಜಿಗಿತ. ಅದರಲ್ಲಿ 48 ಮಾತ್ರ ಎರಡರಷ್ಟು ಉದ್ದದ ಜಿಗಿತ. ಅವನ್ನು ಗುರುತಿಸಬೇಕು, ಅಷ್ಟೇ ಕೆಲಸ. ಮೊದಲ ಅರ್ಧ ಗಂಟೆಯಲ್ಲಿ ನೂರರಲ್ಲಿ ಸುಮಾರು 15 ತಪ್ಪಿಹೋದವು. ಎರಡನೇ ಅರ್ಧ ಗಂಟೆಯಲ್ಲಿ ಸುಮಾರು 25. ಎಚ್ಚರದ ಆಯುಷ್ಯ ಮೂವತ್ತು ನಿಮಿಷ!

ನಿದ್ದೆಗೆಟ್ಟರೆ ಅದೂ ಇಲ್ಲ. 17 ಗಂಟೆ ಎಚ್ಚರವಿದ್ದವನ ಕೈಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯವಿರುವವನಷ್ಟು ಕುಗ್ಗುತ್ತದೆಂದು 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಅಳೆದು ತೋರಿಸಿದರು. 24 ಗಂಟೆ ದಾಟಿದರೆ ಶೇ. 0.10ರಷ್ಟು. ನಮ್ಮ ದೇಶದಲ್ಲಿ ಶೇ. 0.03 ದಾಟಿದರೇ ಪೊಲೀಸರು ಗಾಡಿ ನಿಲ್ಲಿಸುತ್ತಾರೆ. ಒಂದು ಹನಿ ಕುಡಿಯದೆ, ಬರಿ ನಿದ್ದೆ ಬಿಟ್ಟು ಗಡಿ ಕಾಯ್ದ ಹುಡುಗ ಆ ಮಿತಿಯ ಮೂರು ಪಟ್ಟು ದಾಟಿರುತ್ತಾನೆ, ಅದೂ ಹತ್ತು ಆನೆ ತೂಕದ ಗಾಡಿಯ ಲಿವರ್ ಹಿಡಿದು.

ನಿಮ್ಮ ಊರಿನ, ನಿಮ್ಮ ಓಣಿಯ ಹುಡುಗ ಸೇನೆಯ ಗಾಡಿ ಓಡಿಸುವವನಾಗಿದ್ದು ರಜೆಗೆ ಮನೆಗೆ ಬಂದರೆ, ಮೊದಲ ಎರಡು ದಿನ ಅವನನ್ನು ಯಾವ ಮದುವೆಗೂ, ಯಾವ ಜಾತ್ರೆಗೂ ಎಳೆಯಬೇಡಿ. ಮಲಗಲಿ ಬಿಡಿ. ಮಾತಾಡಿಸಿದಾಗ ಕೇಳಿಸದೆ ತಿರುಗಿ ಕೇಳಿದರೆ ಬೇಸರಪಡದೆ ಇನ್ನೊಮ್ಮೆ ಹೇಳಿ, ಕಿವಿಯ ವೈದ್ಯರಿಗೂ ಒಮ್ಮೆ ತೋರಿಸಿ.